ಹಳ್ಳದ ಮಗ್ಗುಲ ಹದಿನೆಂಟು ಸಾಲು

೧ ಫೆಬ್ರವರಿ ೨೦೦೪, ಭಾನುವಾರ

ನಾನು ಚಾಮುಂಡಮ್ಮ. ದಿವಂಗತ ಚಿಕ್ಕಮಾದಯ್ಯನವರ ಹೆಂಡತಿ, ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯ ಬದಿಯ ಈ ಮನೆಯ ಯಜಮಾನಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ನಮ್ಮ ಬೀದಿಯಲ್ಲಿ ನನ್ನ ವಯಸ್ಸಿನ ಇನ್ನೊಬ್ಬ ಹೆಂಗಸು ಅಷ್ಟು ಓದಿಲ್ಲ. ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಹುಳುಮನೆ, ಇಬ್ಬರು ಗಂಡುಮಕ್ಕಳು. ಹನ್ನೊಂದು ವರ್ಷದಿಂದ, ಯಾವ ಮನೆಯ ರೇಷ್ಮೆಹುಳುವಿಗೆ ಯಾವ ಸಾಲಿನ ಸೊಪ್ಪು ಎಂದು ಬೆಳಿಗ್ಗೆ ಹೇಳುವವಳು ನಾನೇ. ನಾನು ಬಾಯಿ ಬಿಡುವ ತನಕ ಯಾರ ಕುಡುಗೋಲೂ ತೋಟಕ್ಕೆ ಇಳಿಯುವುದಿಲ್ಲ.

ಈ ನೋಟುಬುಕ್ಕು ತೆಗೆದಿರುವುದಕ್ಕೆ ಕಾರಣ ಒಂದೇ. ಮನೆಯಲ್ಲಿ ನನಗೆ ತಿಳಿಯದಂತೆ ಏನೋ ನಡೆಯುತ್ತಿದೆ. ದಿನಾ ಬರೆದಿಟ್ಟರೆ ಅದರ ತಲೆಬುಡ ಸಿಕ್ಕೀತು.

ಇವತ್ತು ಎರಡನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಬಂದವು. ದೊಡ್ಡ ಮಗ ಕುಮಾರಸ್ವಾಮಿಗೆ ನೂರೈವತ್ತು ಮೊಟ್ಟೆಯದು, ಚಿಕ್ಕ ಮಗ ನಿಂಗರಾಜುವಿಗೆ ನೂರೈವತ್ತು ಮೊಟ್ಟೆಯದು. ನಮ್ಮ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಮೊಟ್ಟೆ, ಹತ್ತಿರ ಹತ್ತಿರ ಐನೂರು ಹುಳು. ಚಿಕ್ಕವನಿಗೆ ಇದೇ ಕೊನೆಯ ಅವಕಾಶ ಎಂದು ಎಲ್ಲರೆದುರಿಗೂ ಹೇಳಿದ್ದೇನೆ. ಕಾರ್ತೀಕದಲ್ಲಿ ಅವನ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಸೊರಗಿ, ಅರ್ಧ ಸತ್ತು, ಉಳಿದವು ಪೊಳ್ಳು ಗೂಡು ಕಟ್ಟಿದವು. ಈ ಸಲವೂ ಕೆಟ್ಟರೆ ಮುಂದೆ ಅವನ ಹೆಸರಿಗೆ ಮೊಟ್ಟೆ ತರಿಸುವುದಿಲ್ಲ. ಹುಳುಮನೆಗೆ ಬೀಗ ಹಾಕಿ ಅವನು ಬೇರೆ ದಾರಿ ನೋಡಿಕೊಳ್ಳಬೇಕು.

ಕಾರ್ತೀಕದಲ್ಲಿ ಕೆಟ್ಟದ್ದಕ್ಕೆ ಕಾರಣ ಅವನ ಹೆಂಡತಿ. ಮುಖಕ್ಕೆ ವಾಸನೆಯ ಪೌಡರ್ ಹಾಕಿಕೊಂಡು ಹುಳುವಿನ ತಟ್ಟೆ ಮುಟ್ಟಿದಳು. ಹುಳು ಸೂಕ್ಷ್ಮ ಜೀವಿ. ಅಂದಿನಿಂದ ಅವಳು ಹುಳುಮನೆಯ ಹೊಸಿಲು ದಾಟುವಂತಿಲ್ಲ.

ಒಂದು ವಿಷಯ ಈ ಪುಸ್ತಕಕ್ಕೆ ಮಾತ್ರ. ಹಳ್ಳದ ಮಗ್ಗುಲಲ್ಲಿ, ಲಾಂಟಾನ ಪೊದೆಯ ಹಿಂದೆ ಹದಿನೆಂಟು ಸಾಲು ಒಳ್ಳೆಯ ಹಿಪ್ಪುನೇರಳೆ ಕಡ್ಡಿಯಿದೆ. ಅದಕ್ಕೆ ಬೇರುಗಂಟು ರೋಗ ಬಿದ್ದಿದೆ, ಕಾಲಿಟ್ಟರೆ ರೋಗ ಇತ್ತ ಹಬ್ಬುತ್ತದೆ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ರೋಗವೂ ಇಲ್ಲ, ಏನೂ ಇಲ್ಲ. ಕಷ್ಟಕಾಲಕ್ಕೆಂದು ಇಟ್ಟಿದ್ದೇನೆ. ಇದೆ ಎಂದು ತಿಳಿದರೆ ಕಷ್ಟ ಬರುವ ಮೊದಲೇ ಮುಗಿಸುತ್ತಾರೆ.

೪ ಫೆಬ್ರವರಿ, ಬುಧವಾರ

ಕಿರಿಯವನ ಹೆಂಡತಿ ತವರಿನಿಂದ ಹಳೆಯ ಕಂಪ್ಯೂಟರ್ ತಂದು ಎರಡು ತಿಂಗಳಾಯಿತು. ಅವಳ ತಮ್ಮ ಬಿಳಿಗಿರಿ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಟೈಪಿಂಗ್ ಕೆಲಸ ಕೊಡುತ್ತಾನೆ ಅಂದಳು. ಹುಳುಮನೆಗಂತೂ ಬರುವಂತಿಲ್ಲ, ಕೂತಿರಲಿ ಎಂದು ಸುಮ್ಮನಿದ್ದೆ.

ಇವತ್ತು ಮಧ್ಯಾಹ್ನ ಆ ಕೋಣೆಯಲ್ಲಿ ಇಬ್ಬರ ನಗು ಕೇಳಿತು. ಹಿರಿಯ ಸೊಸೆ ರೂಪ! ಕಾರ್ತೀಕದಿಂದ ಅವಳ ಕೈಯಿಂದ ಒಂದು ಲೋಟ ನೀರು ಇಸಿದುಕೊಳ್ಳದ ರೂಪ! ಬಾಗಿಲ ಬಳಿ ನಿಂತೆ.

"ನಿಮ್ದು ಮುಗೀತು ಕಣಕ್ಕ. ಇನ್ನೆಂಟು ಸರತೀಲಿ ನಿಮ್ಮೂರಲ್ಲಿ ಒಲೆ ಅತ್ತಲ್ಲ" ಅಂದಳು ಕಿರಿಯಳು.

"ಓಗೆಲೇ, ನನ್ನತ್ರ ಇನ್ನೂ ಹಳ್ಳದ ಕಡೆ ಐತೆ."

ನಾನು ಕೆಮ್ಮಿದೆ. ರೂಪ ಸೆರಗು ಸರಿಮಾಡಿಕೊಂಡು ಹೊರಬಂದು, "ಉಪ್ಪು ಕೇಳಕ್ ಬಂದಿದ್ದೆ ಅತ್ತೆ" ಅಂದಳು. ಕೈಯಲ್ಲಿ ಉಪ್ಪಿರಲಿಲ್ಲ.

ಹಳ್ಳದ ಕಡೆ ಏನಿದೆ ಎಂದು ಇವಳಿಗೆ ಹೇಗೆ ಗೊತ್ತು?

೬ ಫೆಬ್ರವರಿ, ಶುಕ್ರವಾರ

ಇಬ್ಬರೂ ಹೊಳೆಗೆ ಬಟ್ಟೆ ಒಯ್ದಾಗ ಆ ಕೋಣೆಗೆ ಹೋದೆ. ಮನೆ ನನ್ನದು, ಯಾರನ್ನೂ ಕೇಳಬೇಕಾಗಿಲ್ಲ.

ಮೇಜಿನ ಮೇಲೆ ಚೌಕುಳಿ ಹಾಳೆಯಿತ್ತು. ಅದರಲ್ಲಿ ಪೆನ್ಸಿಲಿನಿಂದ ಬರೆದದ್ದು ನಮ್ಮ ತೋಟ. ಅನುಮಾನವೇ ಇಲ್ಲ. ಬಾವಿ ಅದರ ಮೂಲೆಯಲ್ಲಿ, ಎಡಕ್ಕೆ ದೊಡ್ಡವನ ಹುಳುಮನೆ, ಬಲಕ್ಕೆ ಚಿಕ್ಕವನದು, ಕೆಳಗೆ ಹಳ್ಳ. ಹಳ್ಳದ ಮಗ್ಗುಲಲ್ಲಿ ಹಸಿರು ಬಣ್ಣ ತುಂಬಿ '೧೮' ಎಂದು ಬರೆದಿದೆ. ಆ ಹಸಿರಿನಿಂದ ಎಡಗಡೆ ಮನೆಗೆ ಒಂದು ಬಾಣ. ಕೆಳಗೆ ಅವಳದೇ ಅಕ್ಷರದಲ್ಲಿ: 'ಎಡಗಡೆಯವರು ಹನ್ನೆರಡಕ್ಕೆ ಹನ್ನೊಂದು ಸಲ ಗೆಲ್ಲುತ್ತಾರೆ. ಸರಿ ಮಾಡಬೇಕು.'

ಹಾಳೆಯನ್ನು ಇದ್ದಂತೆಯೇ ಇಟ್ಟು ಬಂದೆ. ಏನನ್ನು ಸರಿ ಮಾಡುತ್ತಾಳಂತೆ ಇವಳು?

ಸಂಜೆ ಹಳ್ಳದ ಕಡೆಗೆ ಒಬ್ಬಳೇ ಹೋಗಿ, ಸಾಲುಗಳ ತುದಿಯಲ್ಲಿ ಗಿಡದಿಂದ ಗಿಡಕ್ಕೆ ರೇಷ್ಮೆ ಎಳೆ ಕಟ್ಟಿ ಬಂದೆ. ಯಾರು ನುಗ್ಗಿದರೂ ಎಳೆ ಹರಿಯುತ್ತದೆ. ನುಗ್ಗುವವಳು ಯಾರೆಂದು ನನಗೆ ಗೊತ್ತಿದೆ. ಸಾಕ್ಷಿ ಬೇಕು ಅಷ್ಟೆ.

೮ ಫೆಬ್ರವರಿ, ಭಾನುವಾರ

ತಡೆಯಲಾಗಲಿಲ್ಲ. ಮಧ್ಯಾಹ್ನ ನೇರವಾಗಿ ಒಳಗೆ ನುಗ್ಗಿದೆ. ಇಬ್ಬರೂ ಕಂಪ್ಯೂಟರಿನ ಮುಂದೆ ಕೂತಿದ್ದರು.

"ನನ್ನ ತೋಟ ಆ ಡಬ್ಬದೊಳಕ್ಕೆ ಯಾಕೆ ಹೋಯ್ತು, ಹೇಳವ್ವ" ಅಂದೆ.

ರೂಪ ಎದ್ದು ಗೋಡೆಗೆ ಅಂಟಿಕೊಂಡಳು. ಕಿರಿಯಳು ಏಳಲಿಲ್ಲ. "ಕೂತ್ಕಳಿ ಅತ್ತೆ, ತೋರುಸ್ತೀನಿ" ಅಂದಳು.

ಅವಳು ಹೇಳಿದ್ದನ್ನು ನಂಬಿದೆನೆಂದಲ್ಲ, ಬರೆದಿಡುತ್ತೇನೆ. ಅದೊಂದು ಆಟ. ಎರಡು ಊರು. ಒಬ್ಬೊಬ್ಬರೂ ಸರತಿಯಂತೆ ಆಳುಗಳನ್ನು ಕಳಿಸಿ ಮರ ಕಡಿಸಬೇಕು, ಕಾಳು ತರಿಸಬೇಕು, ಮನೆ ಕಟ್ಟಬೇಕು, ಕಾವಲಿಡಬೇಕು. ಕಡೆಗೆ ಒಂದು ಊರು ಉಳಿಯುತ್ತದೆ. ಬಿಳಿಗಿರಿಯ ಅಂಗಡಿಗೆ ಕಾಲೇಜು ಹುಡುಗರು ಇದನ್ನು ಆಡಲು ಬರುತ್ತಾರೆ. ಅವರಿಗೆ ಹೊಸ ಹೊಸ ನೆಲ ಬೇಕು. ನೆಲ ಬರೆದುಕೊಡುವ ಕೆಲಸವನ್ನು ತಮ್ಮ ಇವಳಿಗೆ ಕೊಟ್ಟಿದ್ದಾನೆ. ಟೈಪಿಂಗ್ ಅಂದದ್ದು ಸುಳ್ಳು.

"ಈ ನೆಲ ಕೊಟ್ಟಾಗಿಂದ ಎಡಗಡೆ ಕುರ್ಚಿಗೇ ವಡದಾಡ್ತಾವ್ರಂತೆ ಅತ್ತೆ. ಅಲ್ ಕೂತೋರೇ ಗೆಲ್ಲೋದು. ಬಲಗಡೆ ಕೂತೋರು ಅರ್ಧಕ್ಕೇ ಎದ್ದೋಯ್ತಾರೆ. ಅದ್ಕೇ ಅಕ್ಕನ್ ಕೂರುಸ್ಕಂಡು ಆಡಿ ಆಡಿ ನೋಡ್ತಾ ಇವ್ನಿ, ಎಲ್ ತಪ್ಪೈತೆ ಅಂತ."

"ನಮ್ಮ ತೋಟವೇ ಯಾಕೆ?"

"ನಂಗೆ ಗೊತ್ತಿರೋ ನೆಲ ಇದೊಂದೇ ಅಲ್ವಾ."

ಮಾತು ಹದವಾಗಿತ್ತು. ಹದವಾದ ಮಾತಿನ ಮೇಲೆ ನನಗೆ ನಂಬಿಕೆ ಕಡಿಮೆ. "ಸರಿ, ನಾನೇ ಆಡುತ್ತೇನೆ" ಅಂದೆ. ಬಲಗಡೆ ಊರು ತೆಗೆದುಕೊಂಡೆ, ರೂಪ ಎಡಗಡೆ.

ಹದಿನಾಲ್ಕನೇ ಸರತಿಗೆ ನನ್ನ ಊರಿನಲ್ಲಿ ಕಡಿಯಲು ಮರವಿರಲಿಲ್ಲ. ಕಡಿದ ಮರ ಮತ್ತೆ ಚಿಗುರುವುದೇ ಇಲ್ಲವಂತೆ. ಚಿಗುರದ ಮರ ಎಂಥ ಮರ? ಇದನ್ನು ಮಾಡಿದವರು ತೋಟ ಕಂಡವರಲ್ಲ. ರೂಪ ಬಾಯಿಗೆ ಸೆರಗು ಹಿಡಿದು ನಕ್ಕದ್ದನ್ನು ನೋಡಿದೆ.

೯ ಫೆಬ್ರವರಿ, ಸೋಮವಾರ

ಮೂರು ಸಲ ಆಡಿದೆ. ಮೂರೂ ಸೋತೆ. ಮೌಸು ಸರಿಯಿಲ್ಲ.

೧೦ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಬೇಗ ಸಾಲು ಹೇಳಿ ಮುಗಿಸಿದೆ. ಸೊಪ್ಪು ಕುಯ್ಯುವ ಚಿಕ್ಕಬಸಮ್ಮ, "ಅವ್ವಾರಿಗೆ ಇವತ್ತು ಎಲ್ಲೋ ಓಗೋ ಅವಸರ" ಅಂದಳು. ಅವಳ ಬಾಯಿ ಯಾವಾಗಲೂ ಉದ್ದ.

ಮಧ್ಯಾಹ್ನ ಕುರ್ಚಿ ಬದಲಿಸಿ ಎಡಗಡೆ ಕೂತೆ. ಹತ್ತೇ ಸರತಿಯಲ್ಲಿ ರೂಪಳ ಊರು ಖಾಲಿ. ಇನ್ನೊಮ್ಮೆ ಆಡಿದೆವು. ಮತ್ತೆ ಗೆದ್ದೆ. ಎಸ್ಸೆಸ್ಸೆಲ್ಸಿ ಓದು ಎಲ್ಲಿ ಹೋಗುತ್ತದೆ ಎಂದುಕೊಂಡೆ. ಮೂರನೆಯದನ್ನು ಗೆದ್ದಾಗ ಯಾಕೋ ಖುಷಿಯಾಗಲಿಲ್ಲ. ನಾನು ಮಾಡಿದ್ದು ಏನೂ ಇರಲಿಲ್ಲ. ಹಳ್ಳದ ಮಗ್ಗುಲ ಕಾಡು ಎಡ ಊರಿಗೆ ಮೂರು ಹೆಜ್ಜೆ. ಬಲ ಊರಿನವರಿಗೆ ಅದು ಕಾಣಿಸುವುದೇ ಇಲ್ಲ, ಅವರ ಕಡೆಯಿಂದ ನೋಡಿದರೆ ಕಪ್ಪು.

"ಹಾಗಾದರೆ ಎರಡು ಕಡೆಗೂ ಬೇಕಾದಷ್ಟು ಸುರಿದುಬಿಡು" ಅಂದೆ.

ಸುರಿದಳು. ಆಡಿದೆವು. ನಲವತ್ತು ಸರತಿಯಾದರೂ ಯಾರೂ ಯಾರ ಗಡಿಯನ್ನೂ ದಾಟಲಿಲ್ಲ, ದಾಟುವ ಅಗತ್ಯವೇ ಇರಲಿಲ್ಲ. ರೂಪ ಆಕಳಿಸಿದಳು. ನಾನೂ.

"ಹಾಗಾದರೆ ಕಡಿಮೆ ಮಾಡು."

ಕಡಿಮೆ ಮಾಡಿದಳು. ಮೊದಲ ಸರತಿ ಯಾರದೋ ಅವರು ಆರು ಸರತಿಯಲ್ಲಿ ಗೆದ್ದರು. ಇನ್ನೊಬ್ಬರಿಗೆ ಬುದ್ಧಿ ಓಡಿಸಲು ಹೊತ್ತೇ ಇಲ್ಲ.

"ಮತ್ತೆ ಎಷ್ಟು ಇಡುತ್ತೀ?"

"ಒಂದ್ ತಪ್ಪು ಮಾಡ್ದೋರು ಮತ್ತೆ ಎದ್ ನಿಲ್ಬೇಕು, ಎಲ್ಡ್ ಮಾಡ್ದೋರು ಬೀಳ್ಬೇಕು. ಅಷ್ಟಿಡ್ಬೇಕು ಅತ್ತೆ. ಕೊರತೆ ಇರ್ಲೇಬೇಕು, ಇಲ್ದಿದ್ರೆ ಆಟ್ವೇ ಇಲ್ಲ. ಆದ್ರೆ ಕೊರತೆ ಇಬ್ರಿಗೂ ಕಾಣ್ಬೇಕು. ಆ ಹಳ್ಳದ ಕಾಡನ್ನ ನಡೂಮಧ್ಯಕ್ ತಂದಿಡೋಣ ಅಂತಿವ್ನಿ."

"ನಡುವೆ ಇಟ್ಟರೆ ಜಗಳವಾಗುತ್ತದೆ."

"ಆಗ್ಲಿ ಬುಡಿ. ಕಾಣೋ ಜಗಳ ತಾನೆ."

ಆಗ ಕೇಳಬೇಕೆಂದಿದ್ದುದನ್ನು ಕೇಳಿದೆ. "ಹಳ್ಳದ ಮಗ್ಗುಲಲ್ಲಿ ರೋಗದ ಕಡ್ಡಿ ಇರುವುದು. ನೀನು ಅಲ್ಲಿ ಹಸಿರು ಯಾಕೆ ಬರೆದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೂಪ ನೆಲ ನೋಡಿದಳು. ಕಿರಿಯ ಸೊಸೆ ಕೋಮಲ ಮೆಲ್ಲಗೆ, "ಅಲ್ಲಿ ಸೊಪ್ಪು ಐತೆ ಅಂತ ಎಲ್ರಿಗೂ ಗೊತ್ತು ಅತ್ತೆ" ಅಂದಳು.

ಎಲ್ಲರಿಗೂ ಅಂತೆ! ಇವಳೊಬ್ಬಳಿಗೆ ಗೊತ್ತು, ಆಟದ ನೆಪದಲ್ಲಿ ರೂಪಳನ್ನೂ ಸೇರಿಸಿಕೊಂಡಿದ್ದಾಳೆ. ನಿಂಗರಾಜುವಿನ ಕೈಯಲ್ಲಿ ಅಲ್ಲಿಂದಲೇ ಸೊಪ್ಪು ತರಿಸುತ್ತಿದ್ದಾಳೆ. ಎಳೆ ಹರಿಯಲಿ, ನೋಡೋಣ.

೧೨ ಫೆಬ್ರವರಿ, ಗುರುವಾರ

ಹುಳು ನಾಲ್ಕನೇ ಜ್ವರ ಎದ್ದವು. ಇನ್ನು ಏಳೆಂಟು ದಿನ ಅವು ತಿನ್ನುವುದನ್ನು ನೋಡಬೇಕು. ಹಿಂದೆ ತಿಂದದ್ದೆಲ್ಲ ಒಂದು ಪಾಲಾದರೆ ಇದು ನಾಲ್ಕು ಪಾಲು. ಹುಳುಮನೆಯ ಹೊರಗೆ ನಿಂತರೂ ಮಳೆ ಹನಿದಂತೆ ಸದ್ದು.

ಚಿಕ್ಕವನ ಹುಳು ಮೈಕೈ ತುಂಬಿಲ್ಲ. ದೊಡ್ಡವನವು ಬೆರಳಿನಂತಿವೆ. ಇಬ್ಬರಿಗೂ ಸಮನಾಗಿ ಸಾಲು ಹೇಳುತ್ತಿರುವವಳು ನಾನೇ ಅಲ್ಲವೇ?

ಸಂಜೆ ಹಳ್ಳಕ್ಕೆ ಹೋದೆ. ಎಳೆ ಹರಿದಿದೆ. ಐದು ಸಾಲು ಬೋಳು.

೧೩ ಫೆಬ್ರವರಿ, ಶುಕ್ರವಾರ

ಹನ್ನೆರಡೂವರೆಗೆ, ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ, ಪೊದೆಯ ಹಿಂದೆ ಕೂತೆ. ಯಾರು ಬರುತ್ತಾರೆಂದು ಗೊತ್ತಿದ್ದೇ ಹೋಗಿದ್ದೆ.

ಕುಮಾರಸ್ವಾಮಿ ಬಂದ.

೧೪ ಫೆಬ್ರವರಿ, ಶನಿವಾರ

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ.

ಅವನು ಕದ್ದವನಂತೆ ಬರಲಿಲ್ಲ. ಟವೆಲು ತಲೆಗೆ ಸುತ್ತಿಕೊಂಡು, ತನ್ನಪ್ಪನ ತೋಟ ಎಂಬಂತೆ ಬಂದು, ಅರ್ಧ ಗಂಟೆಯಲ್ಲಿ ಎರಡು ಹೊರೆ ಕುಯ್ದು ಕಟ್ಟಿದ. ನಾನು ಎದ್ದು ನಿಂತೆ. ಅವನು ಬೆಚ್ಚಲಿಲ್ಲ.

"ಇದೇನ್ಲಾ ಕುಮಾರ?"

"ಯಾಕವ್ವ, ಸೊಪ್ಪು."

"ಇದಕ್ಕೆ ರೋಗ ಬಿದ್ದಿದೆ ಎಂದಿದ್ದೆ."

ಅವನು ನಕ್ಕ. "ಅಂದಿದ್ದೆ. ನಿಂಗರಾಜ ಬರ್ದೇ ಇರ್ಲಿ ಅಂತ ತಾನೆ ಅಂದಿದ್ದು? ನಾನ್ ಬಾಯ್ ಬುಟ್ಟು ಕೇಳೋದ್ ಬ್ಯಾಡ ಅಂತ ನೀನೇ ದಾರಿ ಮಾಡಿದ್ದೀಯ ಅಂದ್ಕಂಡೆ. ಕಾರ್ತೀಕದಲ್ಲೂ ಇದೇ ತಾನೆ ಕೈ ಹಿಡ್ದಿದ್ದು."

ಕಾರ್ತೀಕದಲ್ಲಿ ಇಬ್ಬರ ತಟ್ಟೆಗೂ ಸೊಪ್ಪು ಸಾಲದೆ ಬಂದಿತ್ತು. ನಾನು ಇಬ್ಬರಿಗೂ ಅರ್ಧ ಹೊಟ್ಟೆಗೆ ಹೇಳಿದ್ದೆ. ಈ ಹದಿನೆಂಟು ಸಾಲನ್ನು, ಇನ್ನೂ ಕಷ್ಟ ಬಂದೀತೆಂದು, ತೆರೆದಿರಲಿಲ್ಲ. ಒಬ್ಬನ ಹುಳು ಬೆರಳಿನಂತಾದವು, ಇನ್ನೊಬ್ಬನವು ಸೊರಗಿದವು. ಆಗ ನಾನು ಕೋಮಲಳ ಪೌಡರ್ ಡಬ್ಬ ತೆಗೆದು ಅಂಗಳಕ್ಕೆ ಎಸೆದಿದ್ದೆ.

"ನಿನ್ನ ತಮ್ಮನಿಗೆ ಗೊತ್ತಿತ್ತೇ?"

"ಗೊತ್ತಿತ್ತು. ಅವ್ನು ಬರಕಿಲ್ಲ. ಅವ್ವ ಕಾಲಿಡಬ್ಯಾಡಿ ಅಂದವ್ಳೆ ಅಂತಾನೆ, ಪೆದ್ದ."

ಎರಡು ಹೊರೆಯನ್ನೂ ಎತ್ತಿಕೊಂಡು ಹೊರಟ. ತಡೆಯಲಿಲ್ಲ ನಾನು. ಯಾವ ಬಾಯಿಂದ ತಡೆಯಲಿ? ಅವನನ್ನು ನೋಡಿದರೆ ಸಿಟ್ಟು ಬರಬೇಕು. ಅವನ ನಗು ನೆನಪಾದಾಗ ಬರುತ್ತದೆ. ನನ್ನ ಮನಸ್ಸಿನಲ್ಲಿರುವುದನ್ನು ಓದಿದವನಂತೆ ನಕ್ಕ. ಅದು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಇರಲಿಲ್ಲವೆಂದೇ ನನ್ನ ನಂಬಿಕೆ.

ರಾಗಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆ. ಕೋಮಲ ಮಜ್ಜಿಗೆ ತಂದಿಟ್ಟು ಏನೂ ಕೇಳದೆ ಹೋದಳು. ಯಾಕೆ ಕೇಳಲಿಲ್ಲ? ಅವಳಿಗೆ ಎಷ್ಟು ಗೊತ್ತಿದೆ?

೧೫ ಫೆಬ್ರವರಿ, ಭಾನುವಾರ

ಚಿಕ್ಕಬಸಮ್ಮನನ್ನು ಕರೆದುಕೊಂಡು ಇಡೀ ತೋಟ ಸುತ್ತಿದೆ. ಹಳ್ಳದ ಕಡೆಗೂ ಕರೆದೊಯ್ದೆ. ಅವಳು ಆಶ್ಚರ್ಯಪಡಲಿಲ್ಲ. ಅಂದರೆ ಅವಳಿಗೂ ಗೊತ್ತಿತ್ತು.

"ಏನನ್ನುಸ್ತದೆ?" ಅಂದೆ.

"ಎಲ್ಡ್ ಮನೆಗೂ ಅಂದ್ರೆ ಮಂಗಳವಾರಕ್ಕೆ ಮುಗೀತದೆ ಅವ್ವಾರೆ. ಹುಳ ಹಣ್ಣಾಗಾದು ಶುಕ್ರವಾರ. ಒಂದ್ ಮನೆಗೆ ಅಂದ್ರೆ ಚಂದ್ರಿಕೆಗ್ ಬುಟ್ಟು ಗೂಡ್ ಕಟ್ಸೋಗಂಟ ಆಯ್ತದೆ."

ಕುಯ್ದ ಕಡ್ಡಿ ಚಿಗುರಲು ತಿಂಗಳಾದರೂ ಬೇಕು. ಈ ಐದು ದಿನಕ್ಕೆ ನಮ್ಮ ಮರವೂ ಚಿಗುರದ ಮರವೇ. ಸೊಪ್ಪು ಕೊಳ್ಳೋಣವೆಂದು ಪಕ್ಕದ ತೋಟದ ಪುಟ್ಟಸಿದ್ದಯ್ಯನ ಮನೆಗೆ ಹೇಳಿ ಕಳಿಸಿದೆ. ಅವರಿಗೇ ಸಾಲದಂತೆ. ಸುತ್ತ ಎಲ್ಲರ ಹುಳುವೂ ಒಟ್ಟಿಗೆ ಜ್ವರ ಎದ್ದಿವೆ.

ಮಧ್ಯಾಹ್ನ ಕೋಮಲಳ ಕೋಣೆಗೆ ಹೋಗಿ ಕೂತೆ. "ಹಳ್ಳದ ಕಾಡು ನಡುವೆ ಇರಲಿ. ಎರಡು ಊರಿಗೂ ಸೇರಿ ಒಂದೂವರೆ ಊರಿಗೆ ಆಗುವಷ್ಟು ಇಡು. ಸಮನಾಗಿ ಹಂಚು" ಅಂದೆ. ಇಡೀ ಮಧ್ಯಾಹ್ನ ಎರಡು ಕಡೆಯೂ ನಾನೇ ಆಡಿದೆ. ಎರಡೂ ಊರು ಒಟ್ಟಿಗೆ ಬತ್ತಿದವು. ಎರಡನೇ ಸಲ ಆಡಿದೆ. ಮತ್ತೆ ಹಾಗೆಯೇ.

"ಸಮ ಮಾಡಿದರೂ ಯಾಕೆ ಸಾಯುತ್ತವೆ?"

"ಕಾಳು ಒಂದ್ ಮಟ್ಟಕ್ಕಿಂತ ಕಮ್ಮಿಯಾದ್ರೆ ಆಳು ಎದ್ದೇಳಲ್ಲ ಅತ್ತೆ. ಅರ್ಧ ಒಟ್ಟೆ ಅಂದ್ರೆ ಇಬ್ರಿಗೂ ಸಾವೇಯ. ನಿಧಾನವಾಗಿ, ಅಷ್ಟೆ."

"ಮತ್ತೆ ಏನು ಮಾಡುತ್ತಾರೆ ಆ ಹುಡುಗರು?"

"ಬುದ್ಧಿ ಇರೋರು ಒಂದೂರ್ ಆಳುಗಳ್ನ ಗಡಿಯಾಚೆ ಕಳುಸ್ಬುಟ್ಟು ಇನ್ನೊಂದೂರ್ ಉಳುಸ್ಕತಾರೆ. ಆಮೇಲ್ ಎರಡೂ ಕಟ್ತಾರೆ. ಆದ್ರೆ ಅದು ಇಬ್ರೂ ಒಂದೇ ಕಡೆಯೋರಾದ್ರೆ ಮಾತ್ರ." ನನ್ನ ಕಡೆ ತಿರುಗಿ, "ಅತ್ತೆ, ಇದು ಆಟ ಕಣತ್ತೆ. ಇದ್ ನೋಡ್ಕಂಡು ಮನೇಲಿ ಏನೂ ಮಾಡ್ಬ್ಯಾಡಿ" ಅಂದಳು.

ನನಗೆ ಬುದ್ಧಿ ಹೇಳುವಷ್ಟು ಬೆಳೆದಿದ್ದಾಳೆ. ಬಾಯಿ ಮುಚ್ಚಿಸಿದೆ.

"ಕಾರ್ತೀಕದಲ್ಲಿ ಸೊಪ್ಪಿನ ವಿಷಯ ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ಏಳುವಾಗ ಕೇಳಿದೆ.

"ಹೇಳಿದ್ರೆ ನಂಬ್ತಿದ್ರಾ?"

ಎದ್ದು ಬಂದೆ. ಇಲ್ಲಿ ಬರೆಯುತ್ತೇನೆ: ನಂಬುತ್ತಿರಲಿಲ್ಲ.

೧೬ ಫೆಬ್ರವರಿ, ಸೋಮವಾರ

ಹನೂರಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಎಲ್ಲಿಗೆ ಎಂದು ಕೇಳಿದವರಿಗೆ ಹಲ್ಲುನೋವು ಎಂದೆ. ಅಲ್ಲಿ ರೇಷ್ಮೆ ಸಾಕುವ ದೊಡ್ಡಮಾದಪ್ಪನ ಹುಳು ಹೋದ ವಾರ ಹಾಲುರೋಗಕ್ಕೆ ಹೋಗಿವೆ, ಸೊಪ್ಪು ಗಿಡದಲ್ಲೇ ಬಲಿತು ಹಳದಿಯಾಗುತ್ತಿದೆ. ದಿನಾ ಅಷ್ಟು ಸೊಪ್ಪನ್ನು ಅಲ್ಲಿಂದ ಹೊರಿಸಿ ತರಿಸಿದರೆ ಗೂಡಿನ ದುಡ್ಡು ಬಾಡಿಗೆಗೇ ಸಾಲದು. ಹುಳುಮನೆಯನ್ನು ಎರಡು ಸಲ ತೊಳೆಸಿ, ಔಷಧಿ ಹೊಡೆಸಿ, ಸುಣ್ಣ ಹಾಕಿಸಿದ್ದಾರೆ. ಮೂಸಿ ನೋಡಿದೆ, ಮೂಲೆ ಮೂಲೆ ನೋಡಿದೆ.

"ಎಂಗವ್ವ, ಇಂತಾ ಹೊತ್ನಲ್ಲಿ ಹುಳ ಮಾರೋರುಂಟಾ? ಏನಾರ ಐಬು ಐತಾ?" ಎಂದು ಅನುಮಾನಪಟ್ಟರು.

"ಬಂದು ನೋಡಿ ತೆಗೆದುಕೊಳ್ಳಿ" ಅಂದೆ. ಅನುಮಾನಪಡುವವರನ್ನು ಕಂಡರೆ ನನಗೆ ಗೌರವ.

೧೭ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಐದೂವರೆಗೆ ದೊಡ್ಡಮಾದಪ್ಪನ ಟೆಂಪೋ ಗಾಡಿ ಬಂತು. ಅಂಗಳದಲ್ಲಿ ಎಲ್ಲರೂ ಸಾಲು ಹೇಳುವುದನ್ನು ಕಾಯುತ್ತ ನಿಂತಿದ್ದರು. ನಾನು ಸಾಲು ಹೇಳಲಿಲ್ಲ. ಕುಮಾರಸ್ವಾಮಿಯ ಹುಳುಮನೆಯ ಬಾಗಿಲು ತೆಗೆಸಿ, ತಟ್ಟೆಗಳನ್ನು ಗಾಡಿಗೆ ಏರಿಸಲು ಹೇಳಿದೆ.

ಕುಮಾರಸ್ವಾಮಿ ಅಡ್ಡ ನಿಂತ. "ತಲೆ ಕೆಟ್ಟೈತಾ ಅವ್ವ? ಚೆನ್ನಾಗಿರೋ ಹುಳ ಮಾರ್ಬುಟ್ಟು ಆ ಬಡಕಲ್ನ ಮಡಿಕತಿಯಾ?"

"ಚೆನ್ನಾಗಿರುವುದಕ್ಕೇ ಕೊಳ್ಳುವವರು ಸಿಕ್ಕಿದರು ಕಣ್ಲಾ. ಬಡಕಲನ್ನು ಯಾರು ಕೊಳ್ಳುತ್ತಾರೆ? ಅದನ್ನು ನಾವೇ ಉಳಿಸಬೇಕು. ಇಲ್ಲಿ ಇಬ್ಬರಿಗೆ ಸೊಪ್ಪಿಲ್ಲ. ಅಲ್ಲಿ ಸೊಪ್ಪಿದೆ, ಹುಳುವಿಲ್ಲ. ಇದರ ದುಡ್ಡು, ಉಳಿದ ಹುಳುವಿನ ಗೂಡಿನ ದುಡ್ಡು, ಎರಡೂ ಸೇರಿ ಇಬ್ಬರಿಗೂ ಸಮ."

"ನಾನ್ ಬೆಳ್ಸಿರೋ ಹುಳ ಅದು!"

"ಯಾವ ಸೊಪ್ಪಲ್ಲಿ?" ಎಂದು ಕೇಳಿದೆ. ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ.

ಆಮೇಲೆ ಉಳಿದದ್ದನ್ನು ಹೇಳಿದೆ. ಗಾಡಿಯವರು, ಚಿಕ್ಕಬಸಮ್ಮ, ಇನ್ನಿಬ್ಬರು ಸೊಪ್ಪಿನ ಆಳುಗಳು ಎಲ್ಲರೂ ಇದ್ದರು, ಇರಲೆಂದೇ ಹೇಳಿದೆ. ಹಳ್ಳದ ಮಗ್ಗುಲಲ್ಲಿ ರೋಗವಿಲ್ಲ, ಆ ಸುಳ್ಳು ನನ್ನದು. ಕಾರ್ತೀಕದಲ್ಲಿ ಚಿಕ್ಕವನ ಹುಳು ಕೆಟ್ಟದ್ದು ಸೊಪ್ಪಿಲ್ಲದೆ, ಪೌಡರಿನಿಂದಲ್ಲ. ಕೋಮಲಳ ಮೇಲೆ ಹೊರಿಸಿದವಳು ನಾನು. ಹೇಳುವಾಗ ಧ್ವನಿ ತಗ್ಗಿಸಲಿಲ್ಲ. ತಗ್ಗಿಸಿ ಹೇಳಿದರೆ ಅರ್ಧ ಹೇಳಿದಂತೆ.

ನಿಂಗರಾಜು ಮುಖ ತಿರುಗಿಸಿಕೊಂಡು ನಿಂತಿದ್ದ. ಕುಮಾರಸ್ವಾಮಿ ಟವೆಲು ಕೊಡವಿ ಬಾವಿಯ ಕಡೆಗೆ ಹೋದ. ಅವನ ಹೆಂಡತಿ ಹಿಂದೆ ಹೋಗಲಿಲ್ಲ, ತಟ್ಟೆಯ ಇನ್ನೊಂದು ತುದಿ ಹಿಡಿದಳು. ಆ ತುದಿಯಲ್ಲಿ ರೂಪ, ಈ ತುದಿಯಲ್ಲಿ ಕೋಮಲ. ಅವಳು ಹುಳುಮನೆಯ ಒಳಗೆ ಬಂದಿದ್ದಾಳೆಂದು ನನ್ನ ಗಮನಕ್ಕೆ ಬಂದದ್ದು ಏಳನೆಯ ತಟ್ಟೆಗೆ. "ಅಳ್ಳಾಡುಸ್ಬೇಡಿ, ಹುಳು ಕೆಳಕ್ಕೆ ಬೀಳ್ತವೆ" ಎಂದು ಗದರಿಸಿದೆ, ಅಷ್ಟೆ.

ಹಳ್ಳದ ಕಡೆಯ ಲಾಂಟಾನ ಬೇಲಿಯನ್ನು ನಿಂಗರಾಜುವಿನ ಕೈಯಲ್ಲಿ ಕಡಿಸಿದೆ. ಈಗ ಅಂಗಳದಲ್ಲಿ ನಿಂತರೂ ಉಳಿದ ಸಾಲುಗಳು ಕಾಣುತ್ತವೆ. ಮಧ್ಯಾಹ್ನದ ಸೊಪ್ಪು ಅಲ್ಲಿಂದಲೇ ಬಂತು, ನಾನು ಹೇಳದೆಯೇ.

ದೊಡ್ಡವನು ಊಟಕ್ಕೆ ಬರಲಿಲ್ಲ. ತಟ್ಟೆ ಮುಚ್ಚಿಟ್ಟಿದ್ದೇನೆ. ಹಸಿವಾದಾಗ ಬರುತ್ತಾನೆ, ಇಲ್ಲವೇ ನಾನೇ ಬಾವಿಯ ತನಕ ಹೋಗುತ್ತೇನೆ.

ಗಾಡಿ ಆರೂಮುಕ್ಕಾಲಿಗೆ ಹೊರಟಿತು. ಏಳೂವರೆಗೇ ಹನೂರು ತಲುಪಿದೆ, ಬಿಸಿಲೇರುವ ಮೊದಲೇ ಎಲ್ಲ ತಟ್ಟೆಗೂ ಸೊಪ್ಪು ಹಾಕಿದ್ದಾರಂತೆ. ಹುಳು ತಿನ್ನುತ್ತಿವೆ ಎಂದು ಎಸ್‌ಟಿಡಿ ಬೂತಿನಿಂದ ದೊಡ್ಡಮಾದಪ್ಪ ಫೋನು ಮಾಡಿಸಿದರು.